ಪಂಪು ಹೊತ್ತವನಿಗೆ ತರಬೇತಿ ಯಾವಾಗ?



ಕೃಷಿ ವಿದ್ಯೆ ನಮಗೇನು ದೂರ ಇಲ್ಲ. ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ಐತಿ. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜು, ತುಕ್ಕಾನಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಅದಾವು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿಗೆ ಹತ್ತಿರ. ಆದರೂ ನಮ್ಮ ಕೇರಿಯ ಎಷ್ಟು ಮಂದಿ ಅಲ್ಲಿ ಒಂದು ತರಬೇತಿಗೆ ಕುಂತೀರಿ? ಕಾಮೆಂಟಿನಲ್ಲಿ ಹೇಳ್ರಿ, ಎಣಿಸೋಣ.

ನಾನು ನೋಡಿದ ತರಬೇತಿಗಳಲ್ಲಿ ಕುರ್ಚಿ ತುಂಬಿದ್ದು ಹೊಲದ ಮಾಲಕರಿಂದ. ಹೆಸರು ಬರೆಸುವಾಗ ಆಧಾರ್ ಜೊತೆ ಉತಾರ ಕೇಳಿದರು. ಉತಾರದಾಗ ಹೆಸರಿಲ್ಲದವ ಬಾಗಿಲಲ್ಲೇ ಉಳಿದ. ಮಾಲಕರಿಗೆ ಕಲಿಸಬ್ಯಾಡ್ರಿ ಅಂತ ನಾನು ಅನ್ನಂಗಿಲ್ಲ. ಆದರೆ ಮಾಸ್ಕ್ ಹಾಕ್ರಿ, ಗಾಳಿಗೆ ಎದುರಾಗಿ ಹೊಡಿಬ್ಯಾಡ್ರಿ ಅನ್ನೋ ಪಾಠ ಕೇಳಿ ಮನೆಗೆ ಹೋದ ಮಾಲಕ ಮರುದಿನ ಪಂಪು ಹೊರೋದಿಲ್ಲ. ಹದಿನಾರು ಲೀಟರಿನ ಪಂಪು ಏರೋದು ನಮ್ಮ ಹುಡುಗರ ಬೆನ್ನಿಗೆ. ಅದು ಸೋರಿ ಅಂಗಿ ತೊಯ್ದರೆ ವಿಷ ಚರ್ಮದಿಂದಲೇ ಒಳಗೆ ಹೋಗ್ತದ. ಆ ಅಂಗಿ ಒಗೆಯೋದು ಮನೆಯ ಹೆಣ್ಣುಮಕ್ಕಳು.

ಇನ್ನೊಂದು ಮಾತು ಯಾರೂ ಹೇಳಂಗಿಲ್ಲ. ಎಷ್ಟೋ ಕಡೆ ಎಣ್ಣಿ ಬಾಟಲಿ ಮಾಲಕರ ಶೆಡ್ಡಿನಲ್ಲೇ ಇರ್ತದ, ಕೂಲಿಯವನ ಕೈಗೆ ಬರೋದು ಕಲಸಿದ ನೀರು. ಸಂಜೆ ಜೊಲ್ಲು ಸುರಿದು, ಬೆವರು ಹರಿದು, ಕಣ್ಣು ಮಂಜಾಗಿ ದವಾಖಾನೆಗೆ ಒಯ್ದರೆ ಡಾಕ್ಟರು ಮೊದಲು ಕೇಳೋದೇ ಯಾವ ಎಣ್ಣಿ ಅಂತ. ಎಲ್ಲ ವಿಷಕ್ಕೂ ಒಂದೇ ಮದ್ದಿಲ್ಲ. ಕೆಲವಕ್ಕೆ ಅಟ್ರೊಪಿನ್ ಕೊಡ್ತಾರ, ಪ್ಯಾರಾಕ್ವಾಟಿಗೆ ಪ್ರತಿವಿಷವೇ ಇಲ್ಲ. ಬಾಟಲಿ ಮೇಲೆ ತ್ರಿಕೋನ ಐತಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಅಕ್ಷರ ಬಾರದವರಿಗೂ ತಿಳೀಲಿ ಅಂತ ಇಟ್ಟ ಗುರುತು, ಆ ಅಕ್ಷರ ಬಾರದವರಿಗೇ ಕಾಣಂಗಿಲ್ಲ.

ಯವತ್ಮಾಳ ನೆನಪೈತೇನು? 2017ರಲ್ಲಿ ಹತ್ತಿಗೆ ಎಣ್ಣಿ ಹೊಡೆದು ಸುಮಾರು ಇಪ್ಪತ್ತು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಕಾಯ್ದೆ ಇರಲಿಲ್ಲ ಅಂತಲ್ಲ. ಸುರಕ್ಷಾ ಬಟ್ಟೆ, ತರಬೇತಿ, ವೈದ್ಯಕೀಯ ತಪಾಸಣೆ ಎಲ್ಲ 1971ರ ಕೀಟನಾಶಕ ನಿಯಮಗಳಲ್ಲೇ ಬರೆದೈತಿ.

2024ರ ಡಿಸೆಂಬರಿನಲ್ಲಿ ‘ಕಿಸಾನ್ ಕವಚ’ ಅಂತ ಒಂದು ಉಡುಪು ಬಿಡುಗಡೆ ಆಯ್ತು. ಬೆಂಗಳೂರಿನ ವಿಜ್ಞಾನಿಗಳು ಮಾಡಿದ್ದು, ತಾಗಿದ ವಿಷವನ್ನ ಬಟ್ಟೆಯೇ ನಿಷ್ಕ್ರಿಯ ಮಾಡ್ತದಂತ. ಒಳ್ಳೇ ಕೆಲಸ, ಶಭಾಷ್. ಆಗ ಬೆಲೆ 4,000 ರೂಪಾಯಿ ಇತ್ತು. ಎಷ್ಟು ದಿನದ ಕೂಲಿ ಅಂತ ನೀವೇ ಲೆಕ್ಕ ಹಾಕ್ರಿ. ಹೆಸರಿನಾಗೂ ‘ಕಿಸಾನ್’ ಐತಿ ನೋಡ್ರಿ, ಕೂಲಿಯವ ಅಲ್ಲೂ ಇಲ್ಲ.

ವೈಸರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯರಾಗಿದ್ದಾಗ ಬಾಬಾಸಾಹೇಬರು ಕಾರ್ಖಾನೆ ದುಡಿಮೆಯನ್ನ ವಾರಕ್ಕೆ 54 ತಾಸಿನಿಂದ 48ಕ್ಕೆ ಇಳಿಸುವ ಮಸೂದೆ ತಂದರು. 1946ರಲ್ಲಿ ಅದು ಕಾಯ್ದೆಯಾಯ್ತು. ಸಕ್ಕರೆ ಕಾರ್ಖಾನೆ ಗೇಟಿನ ಒಳಗಿನವರಿಗೆ ಆ ನೆರಳು ಸಿಕ್ಕಿತು. ಗೇಟಿನ ಹೊರಗೆ ಅದೇ ಕಬ್ಬು ಕಡಿಯೋರಿಗೆ, ರವದಿಯಲ್ಲಿ ಕೈ ಕೊಯ್ಸಿಕೊಳ್ಳೋರಿಗೆ, ಎಣ್ಣಿ ಹೊಡೆಯೋರಿಗೆ ಇವತ್ತಿಗೂ ಇಲ್ಲ.

ಹಂಗಾದ್ರ ವಿಶ್ವವಿದ್ಯಾಲಯ ಏನು ಮಾಡಬೇಕು? ತರಬೇತಿಯನ್ನ ಕೇರಿಗೆ ತರಲಿ, ಸಮಾಜ ಮಂದಿರದಲ್ಲಿ ಸಂಜೆ ಏಳರ ಮೇಲೆ. ಹಗಲು ಕರೆದರೆ ಆ ದಿನದ ಕೂಲಿ ಕೊಡಲಿ. ಚಹಾ, ಬಿಸ್ಕೀಟು, ಪ್ರಮಾಣಪತ್ರದಿಂದ ಒಲೆ ಉರಿಯಂಗಿಲ್ಲ. ಉತಾರ ಕೇಳಬಾರದು. ಬಿಎಸ್ಸಿ ಕೃಷಿ ಓದುವ ಮಕ್ಕಳು ಕೊನೆಯ ವರ್ಷ ಗ್ರಾಮೀಣ ಕಾರ್ಯಾನುಭವಕ್ಕೆ ಹಳ್ಳಿಗೆ ಬರ್ತಾರ, ಅವರಿಗೆ ಒಬ್ಬ ‘ಆತಿಥೇಯ ರೈತ’ ಇರ್ತಾನ. ಅವರಲ್ಲಿ ಕೆಲವರಿಗಾದರೂ ಆತಿಥೇಯ ಕೂಲಿಕಾರಳನ್ನ ಕೊಡ್ರಿ. ಒಂದು ವಾರ ಆಕೆಯ ಜೊತೆ ಕಬ್ಬಿನ ಗದ್ದೆಗೆ ಹೋಗಿ ಬಂದರೆ ಅವರ ವರದಿಯೇ ಬೇರೆ ಆಗ್ತದ.

ಇದನ್ನೇ ಮನವಿ ಮಾಡಿ ಕುಲಪತಿಗಳಿಗೆ ಕೊಡೋಣ, ಸಹಿ ಹಾಕೋರು ಹೆಸರು, ಊರು ತಿಳಿಸ್ರಿ. ಅಲ್ಲಿತನಕ ಎಣ್ಣಿ ಹೊಡೆಯೋ ತಮ್ಮಂದಿರಿಗೆ ಒಂದು ಮಾತು: ಪಂಪು ತುಂಬೋ ಮೊದಲು ಬಾಟಲಿ ತೋರಿಸು ಅಂತ ಕೇಳ್ರಿ, ಮೊಬೈಲಿನಲ್ಲಿ ಅದರ ಫೋಟೋ ಹೊಡ್ಕೊಳ್ರಿ, ಮನೆಯವರಿಗೂ ಕಳಿಸಿಡ್ರಿ.