ವಿಶ್ವಸ್ಥರ ಗಾದಿಯೂ ದುಡಿಯುವವರ ದೇಣಿಗೆಯೂ

ನಮ್ಮ ಮುಂಬಯಿ ಕನ್ನಡಿಗರಲ್ಲಿ ಒಂದು ದೊಡ್ಡ ಗುಣವಿದೆ. ಧರ್ಮಕಾರ್ಯವೆಂದು ಹೇಳಿಕೊಂಡು ಯಾರು ಬಂದು ರಸೀದಿ ಪುಸ್ತಕ ಬಿಚ್ಚಿದರೂ ನಾವು ಅವರನ್ನು ಬರಿಗೈಯಲ್ಲಿ ಕಳುಹಿಸುವುದಿಲ್ಲ. ಶಾಲೆಗೆಂದರೆ ಕೊಟ್ಟೆವು, ಭವನಕ್ಕೆಂದರೆ ಕೊಟ್ಟೆವು. ಊರಿನ ಗುಡಿಯ ಜೀರ್ಣೋದ್ಧಾರಕ್ಕೆ, ನೆರೆ ಬಂದಾಗ ಪರಿಹಾರಕ್ಕೆ, ಯಕ್ಷಗಾನದ ಆಟಕ್ಕೆ, ಆಸ್ಪತ್ರೆಯಲ್ಲಿ ಬಿದ್ದ ಸಂಗಾತಿಯ ಔಷಧಕ್ಕೆ ಎಲ್ಲಕ್ಕೂ ಕೊಟ್ಟಿದ್ದೇವೆ. ಹೋಟೆಲಿನಲ್ಲಿ ತಟ್ಟೆ ಎತ್ತುವ ಹುಡುಗನೂ ಸಂಬಳದ ದಿನ ನೂರು ರೂಪಾಯಿ ತೆಗೆದಿಡುತ್ತಾನೆ. ಹನಿಗೂಡಿ ಹಳ್ಳ ಎಂಬ ಮಾತು ಈ ನಗರದಲ್ಲಿ ನಮ್ಮ ಸಂಘ ಸಂಸ್ಥೆಗಳ ಗೋಡೆಗೋಡೆಯ ಮೇಲೆ ಬರೆದಂತೆ ಕಾಣುತ್ತದೆ.

ಆದರೆ ಕೊಟ್ಟ ಮೇಲೆ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಅದನ್ನು ನಾವು ಕೇಳುತ್ತಿಲ್ಲ. ಈ ಹಣವನ್ನು ಕಾಯುವ ವಿಶ್ವಸ್ಥರು ಯಾರು? ಅವರು ಆ ಗಾದಿಗೆ ಹೇಗೆ ಬಂದರು, ಎಷ್ಟು ವರುಷದಿಂದ ಇದ್ದಾರೆ, ಅದಕ್ಕೆ ಮುಂಚೆ ಏನು ಕೆಲಸ ಮಾಡಿದರು, ಇನ್ನೆಷ್ಟು ಸಂಸ್ಥೆಗಳಲ್ಲಿ ಅವರಿಗೆ ಗಾದಿಯಿದೆ? ದೇಣಿಗೆ ಎತ್ತುವುದು ಇಂದು ಒಂದು ವೃತ್ತಿಯೇ ಆಗಿದೆ. ವೃತ್ತಿಯಾದ ಮೇಲೆ ಅದರ ಯಜಮಾನರ ಯೋಗ್ಯತೆಯನ್ನು ವಿಚಾರಿಸುವುದು ಅಗೌರವವಲ್ಲ. ಹೋಟೆಲಿಗೆ ಅಡುಗೆ ಭಟ್ಟರನ್ನು ಗೊತ್ತುಮಾಡುವಾಗ ಹಿಂದೆ ಎಲ್ಲಿ ಒಲೆ ಹಿಡಿದಿದ್ದರೆಂದು ಮಾಲಕರು ಕೇಳುವುದಿಲ್ಲವೆ? ಹಾಗೆಯೇ ಇದು.

ಮೊದಲು ನ್ಯಾಯದ ಮಾತನ್ನು ಆಡೋಣ. ಈ ನಗರದಲ್ಲಿ ನಮ್ಮವರು ಕಟ್ಟಿದ ಸಂಸ್ಥೆಗಳು ಸಣ್ಣವಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಲ್ಲಿ ಹುಟ್ಟಿತು. ಮಾಟುಂಗದ ಮೈಸೂರು ಅಸೋಸಿಯೇಶನ್ 1926ರದು, ಬಂಟರ ಸಂಘ 1927ರದು, ಬಿಲ್ಲವರ ಅಸೋಸಿಯೇಶನ್ 1932ರದು, ಕರ್ನಾಟಕ ಸಂಘ 1933ರದು. ಮೊಗವೀರರು 1946ರಲ್ಲಿಯೇ ಸಹಕಾರಿ ಬ್ಯಾಂಕು ಕಟ್ಟಿದರು. ಬಿಲ್ಲವರ ಅಸೋಸಿಯೇಶನಿನಿಂದ 1978ರಲ್ಲಿ ಭಾರತ್ ಬ್ಯಾಂಕು ಹುಟ್ಟಿತು. ಅದನ್ನು ಬೆಳೆಸಿದವರಲ್ಲಿ ಮುಖ್ಯರಾದ ಜಯ ಸಿ. ಸುವರ್ಣರು 2020ರಲ್ಲಿ ತೀರಿಕೊಂಡರು. ಇವೆಲ್ಲ ಮಾಲಕರ ದೊಡ್ಡ ಚೆಕ್ಕಿನಿಂದಲೂ ಕಾರ್ಮಿಕರ ಚಿಲ್ಲರೆಯಿಂದಲೂ ಎದ್ದು ನಿಂತವು. ಹೋಟೆಲು ಮಾಲಕರಿಗೆ ಬ್ಯಾಂಕಿನ ಪರಿಚಯವಿದೆ, ಕಚೇರಿಗಳ ದಾರಿ ಗೊತ್ತಿದೆ, ನಾಲ್ಕು ಜನರ ಮುಂದೆ ಮಾತಿಗೆ ತೂಕವಿದೆ. ಅವರಿಲ್ಲದೆ ಭವನಗಳು ಏಳುತ್ತಿರಲಿಲ್ಲವೆಂದು ನಾವು ಒಪ್ಪುತ್ತೇವೆ. ನಮ್ಮ ತಕರಾರು ಅವರು ಅಲ್ಲಿ ಇರುವುದರ ಬಗ್ಗೆ ಅಲ್ಲ, ಅವರು ಮಾತ್ರವೇ ಇರುವುದರ ಬಗ್ಗೆ.

ನಾವು ಇರುವ ಘಣಸೋಲಿಯನ್ನೇ ನೋಡಿರಿ. ಸಿಡ್ಕೋ 1970ರಲ್ಲಿ ಸ್ಥಾಪನೆಯಾಗಿ ಈ ನವಿಮುಂಬಯಿಯನ್ನು ಕಟ್ಟತೊಡಗಿತು. ಠಾಣೆಯಿಂದ ಇತ್ತ ಪ್ರಯಾಣಿಕರ ರೈಲು ಬಂದುದು 2004ರಲ್ಲಿ. ರಬಾಳೆ, ಮಹಾಪೆಯ ಕಾರಖಾನೆಗಳನ್ನು ನಂಬಿ ಹೋಟೆಲುಗಳು ಬಂದವು. ಹೋಟೆಲುಗಳನ್ನು ನಂಬಿ ಉಡುಪಿ ಕುಂದಾಪುರದ ಹುಡುಗರು ಬಂದರು. ಕಟ್ಟಡದ ಕೆಲಸಕ್ಕೆ ವಿಜಾಪುರ ಕಲಬುರ್ಗಿಯ ಕಡೆಯವರು ಬಂದರು. ಹೊಸ ಊರಾದ್ದರಿಂದ ಹೊಸ ಸಂಘಗಳೂ ಹುಟ್ಟಿದವು. ಇಲ್ಲಿ ಸಾರ್ವಜನಿಕ ಕಾರ್ಯಕ್ಕೆ ಸಂಸ್ಥೆಗಳಿಗೆ ಸಿಡ್ಕೋ ರಿಯಾಯತಿ ದರದಲ್ಲಿ ನಿವೇಶನ ಕೊಡುವ ಪದ್ಧತಿಯಿದೆ. ಅಂದರೆ ವಿಶ್ವಸ್ಥನಾದವನ ಕೈಯಲ್ಲಿ ಇರುವುದು ಬರಿಯ ದೇಣಿಗೆಯ ಡಬ್ಬಿಯಲ್ಲ, ಬೆಲೆಬಾಳುವ ಭೂಮಿಯ ಕಾಗದವೂ ಹೌದು. ಇಷ್ಟು ದೊಡ್ಡ ಜವಾಬ್ದಾರಿಯ ಗಾದಿಯನ್ನು ನಾವು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟು ಮಾಡುವ ಸನ್ಮಾನದ ಹಾಗೆ ಹಂಚುತ್ತಿದ್ದೇವೆ.

ಈ ಗಾದಿಯ ದಾರಿ ಹೇಗೆ ಸಾಗುತ್ತದೆಂಬುದನ್ನು ನಾವು ಬಹುಕಾಲದಿಂದ ನೋಡಿದ್ದೇವೆ. ಮೊದಲ ವರುಷ ದೊಡ್ಡ ದೇಣಿಗೆ ಕೊಟ್ಟು ಗೌರವ ಸಲಹೆಗಾರರಾಗುತ್ತಾರೆ. ಎರಡನೆಯ ವರುಷ ಉಪಾಧ್ಯಕ್ಷರು. ಮುಂದೆ ಅಧ್ಯಕ್ಷರು, ಆಮೇಲೆ ವಿಶ್ವಸ್ಥರು, ಕೊನೆಗೆ ಆಜೀವ ವಿಶ್ವಸ್ಥರು. ಒಂದು ಸಂಸ್ಥೆಯ ಗಾದಿ ಇನ್ನೊಂದು ಸಂಸ್ಥೆಯ ಗಾದಿಗೆ ಏಣಿಯಾಗುತ್ತದೆ. ಆರು ಆಮಂತ್ರಣ ಪತ್ರಿಕೆಗಳಲ್ಲಿ ಅದೇ ಹೆಸರು, ಅದೇ ಭಾವಚಿತ್ರ. ಹಣವನ್ನು ಕೊಟ್ಟವರು ಸಾವಿರ ಜನ. ಕೊಟ್ಟ ಕೀರ್ತಿ ಹತ್ತು ಜನರಿಗೆ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಸಾರ್ವಜನಿಕ ಹಣವನ್ನು ಎತ್ತುವುದರಲ್ಲಿ ಗಾಂಧೀಜಿಯವರಷ್ಟು ಅನುಭವ ಇದ್ದವರು ನಮ್ಮ ದೇಶದಲ್ಲಿ ವಿರಳ. ದಕ್ಷಿಣ ಆಫ್ರಿಕದಲ್ಲಿ 1894ರಲ್ಲಿ ನೇಟಾಲ್ ಇಂಡಿಯನ್ ಕಾಂಗ್ರೆಸ್ಸು ಸ್ಥಾಪನೆಯಾದಾಗ ಅವರೇ ಕಾರ್ಯದರ್ಶಿ. ಮನೆಮನೆಗೆ ಹೋಗಿ ಚಂದಾ ಎತ್ತಿದರು. ಪ್ರತಿಯೊಂದಕ್ಕೂ ರಸೀದಿ ಕೊಟ್ಟು ಕಾಸು ಕಾಸಿಗೂ ಲೆಕ್ಕ ಬರೆದಿಟ್ಟರು. ಅವರ ಆತ್ಮಕಥೆಯಲ್ಲಿ ಇನ್ನೂ ಮುಂದಿನ ಮಾತೊಂದಿದೆ. ಸಾರ್ವಜನಿಕ ಸಂಸ್ಥೆಯು ಶಾಶ್ವತ ನಿಧಿಯ ಬಡ್ಡಿಯಿಂದ ಬದುಕಬಾರದು, ವರುಷ ವರುಷವೂ ಜನರ ಚಂದಾದಿಂದಲೇ ಬದುಕಬೇಕು ಎಂಬುದು ಅವರ ನಿರ್ಣಯ. ಏಕೆ? ಗಂಟು ಕೂಡಿಬಿಟ್ಟರೆ ಸಂಸ್ಥೆಗೆ ಜನರ ಹಂಗು ತಪ್ಪುತ್ತದೆ. ಹಂಗು ತಪ್ಪಿದ ಸಂಸ್ಥೆ ಜನರ ಮಾತಿಗೆ ಕಿವಿಗೊಡುವುದಿಲ್ಲ. ಚಂದಾ ಬೇಡಲು ಬಾಗಿಲಿಗೆ ಬರಬೇಕಾದ ವಿಶ್ವಸ್ಥನು ಬಾಗಿಲಲ್ಲಿ ನಿಂತವನ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ. ಈಗಿನ ಕಾಲಕ್ಕೆ ನಿಧಿಯೇ ಬೇಡವೆನ್ನಲಾಗದು. ಆದರೆ ಆ ಹಂಗು ಮಾತ್ರ ಉಳಿಯಬೇಕು.

ನಮ್ಮ ಕರಾವಳಿಯಲ್ಲಿಯೇ ಇನ್ನೊಂದು ಪಾಠವಿದೆ. ಡಾಕ್ಟರ್ ಟಿ.ಎಂ.ಎ. ಪೈ ಮತ್ತು ಅವರ ಜೊತೆಯವರು 1925ರಲ್ಲಿ ಉಡುಪಿಯಲ್ಲಿ ತೆರೆದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕು ಎನಿಸಿದ್ದು, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ ಕೊಡುವವನ ಬಾಗಿಲಿಗೂ ಏಜೆಂಟನು ಬರುತ್ತಿದ್ದನು. ಏಜೆಂಟನಿಗೆ ಕಮಿಶನ್ ಇತ್ತು. ಅದು ಎಲ್ಲರಿಗೂ ತಿಳಿದ ಸಂಗತಿಯಾಗಿತ್ತು. ಹಣ ಎತ್ತುವವನು ಕೂಲಿ ಪಡೆಯುವುದು ತಪ್ಪಲ್ಲ. ಅದನ್ನು ಬಚ್ಚಿಡುವುದು ತಪ್ಪು. ಇಂದು ದೇಣಿಗೆ ಎತ್ತಲು ಸಂಬಳದ ಜನರನ್ನು ಇಟ್ಟ ಸಂಸ್ಥೆಗಳು ನೂರಕ್ಕೆ ಎಷ್ಟು ರೂಪಾಯಿ ಅದಕ್ಕೇ ಹೋಗುತ್ತದೆಂದು ರಸೀದಿಯ ಹಿಂದೆಯೇ ಅಚ್ಚು ಹಾಕಿಸಿದರೆ ಅವರ ಮಾನ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಗಾದಿಯವರನ್ನು ಪ್ರಶ್ನಿಸದೆ ಬಿಟ್ಟರೆ ಏನಾದೀತು? ಮಂಗಳೂರಿನ ಜಾರ್ಜ್ ಫೆರ್ನಾಂಡಿಸರು ಹುಡುಗರಾಗಿದ್ದಾಗಲೇ ಈ ನಗರಕ್ಕೆ ಬಂದು, ಬೀದಿಯಲ್ಲಿ ಮಲಗೆದ್ದು, ಹಡಗುಕಟ್ಟೆಯ ನಾಯಕ ಡಿ'ಮೆಲ್ಲೋರವರ ಗರಡಿಯಲ್ಲಿ ಪಳಗಿ, ಹೋಟೆಲು, ಟ್ಯಾಕ್ಸಿ ಕಾರ್ಮಿಕರನ್ನೆಲ್ಲ ಸಂಘಟಿಸಿದವರು. ದುಡಿಯುವವನಿಗೂ ಸಾಲ ಸಿಗಬೇಕೆಂದು ಅವರು 1968ರಲ್ಲಿ ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕನ್ನು ಹುಟ್ಟಿಸಿದರು. ಅದೇ ಮುಂದೆ ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕು ಎಂದಾಯಿತು. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಅದರ ವ್ಯವಹಾರವನ್ನು ತಡೆದು ನಿರ್ದೇಶಕ ಮಂಡಳಿಯನ್ನು ಬದಿಗಿರಿಸಿ ಆಡಳಿತಾಧಿಕಾರಿಯನ್ನು ನೇಮಿಸಿತು. 122 ಕೋಟಿ ರೂಪಾಯಿ ನಗದಿನ ದುರುಪಯೋಗವಾಗಿದೆಯೆಂದು ಪೋಲೀಸರಲ್ಲಿ ಫಿರ್ಯಾದಿ ದಾಖಲಾಯಿತು. ತಮ್ಮದೇ ದುಡ್ಡಿಗಾಗಿ ಜನರು ಬ್ಯಾಂಕಿನ ಬಾಗಿಲಲ್ಲಿ ನಿಂತರು. ಫೆಬ್ರವರಿ 27ರಿಂದ ತಲೆಗೆ 25,000 ರೂಪಾಯಿವರೆಗೆ ತೆಗೆಯಲು ಬಿಟ್ಟರು. ಅದೇ ಆಗಸ್ಟ್ 4ರಂದು ಆ ಬ್ಯಾಂಕು ಸಾರಸ್ವತ ಬ್ಯಾಂಕಿನಲ್ಲಿ ವಿಲೀನವಾಯಿತು. ತಪ್ಪಿತಸ್ಥರು ಯಾರೆಂಬುದನ್ನು ನ್ಯಾಯಾಲಯ ಹೇಳಲಿ, ಅದು ನಮ್ಮ ಕೆಲಸವಲ್ಲ. ಆದರೆ ಕಾರ್ಮಿಕರ ಹೆಸರಿನಲ್ಲಿ ಹುಟ್ಟಿದ ಸಂಸ್ಥೆಯಲ್ಲಿ ಕಾರ್ಮಿಕರ ಕಣ್ಣು ಇಲ್ಲದೆ ಹೋದರೆ, ಹೆಸರೊಂದೇ ತಿಜೋರಿಯನ್ನು ಕಾಯಲಾರದೆಂಬ ಪಾಠವನ್ನು ನಾವು ಕಲಿಯಬಹುದಷ್ಟೆ.

ಕಾನೂನು ನಮ್ಮ ಕಡೆಗೆ ಇದೆ. ನಾವೇ ಅದನ್ನು ಓದಿಲ್ಲ. 1950ರ ಮುಂಬಯಿ ಪಬ್ಲಿಕ್ ಟ್ರಸ್ಟ್ಸ್ ಕಾಯಿದೆ, ಈಗ ಮಹಾರಾಷ್ಟ್ರದ ಹೆಸರಿನಲ್ಲಿ ನಡೆಯುವುದು, ನೋಂದಣಿಯಾದ ನಮ್ಮ ಸಂಘಗಳಿಗೂ ಅನ್ವಯಿಸುತ್ತದೆ. ವಿಶ್ವಸ್ಥರು ಬದಲಾದರೆ 90 ದಿನಗಳೊಳಗೆ ಧರ್ಮಾದಾಯ ಕಚೇರಿಗೆ ವರದಿ ಕೊಡಬೇಕು. ಪ್ರತಿ ವರುಷ ಲೆಕ್ಕ ತಪಾಸಣೆಯಾಗಬೇಕು. ಸ್ಥಿರಾಸ್ತಿಯನ್ನು ಮಾರಬೇಕಾದರೆ, ಸಂಸ್ಥೆಗಾಗಿ ಸಾಲ ಎತ್ತಬೇಕಾದರೆ, ಮುಂಚಿತವಾಗಿ ಧರ್ಮಾದಾಯ ಕಮಿಶನರರ ಅಪ್ಪಣೆ ಬೇಕು. ಲೆಕ್ಕ ಕೊಡದೆ ಸತಾಯಿಸುವ ವಿಶ್ವಸ್ಥನನ್ನು ತೆಗೆದುಹಾಕುವ ಅಧಿಕಾರವೂ ಅವರಿಗಿದೆ. ಅದಕ್ಕೆ ಸಂಸ್ಥೆಯಲ್ಲಿ ಹಿತಾಸಕ್ತಿಯುಳ್ಳ ಯಾರೇ ಆದರೂ ಅರ್ಜಿ ಕೊಡಬಹುದು. 2025ರ ಸೆಪ್ಟೆಂಬರಿನಲ್ಲಿ ಸರಕಾರವು ಇದೇ ಕಾಯಿದೆಗೆ ತಿದ್ದುಪಡಿ ತಂದು ಆಜೀವ ವಿಶ್ವಸ್ಥರ ಸಂಖ್ಯೆಗೆ ಒಟ್ಟು ವಿಶ್ವಸ್ಥರ ನಾಲ್ಕನೆಯ ಒಂದು ಪಾಲಿನ ಮಿತಿ ಹಾಕಿತು. ಟಾಟಾ ಟ್ರಸ್ಟುಗಳಂಥ ದೊಡ್ಡ ಮನೆಯಲ್ಲಿಯೂ ಇದರಿಂದ ಗಾದಿಯ ಅವಧಿಯ ಚರ್ಚೆ ಎದ್ದಿತು. ಸಹಕಾರಿ ಬ್ಯಾಂಕುಗಳ ಸಾಮಾನ್ಯ ನಿರ್ದೇಶಕರಿಗೂ ಕಾನೂನು ಒಮ್ಮೆಗೆ ಸತತ ಹತ್ತು ವರುಷದ ಮಿತಿಯನ್ನು ಇಟ್ಟಿದೆ. ಅಂಥವರಿಗೇ ಇರುವ ಮಿತಿ ನಮ್ಮ ಬಡಾವಣೆಯ ಸಂಘಕ್ಕೆ ಏಕೆ ಬೇಡ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಏಳನೆಯ ಇಯತ್ತೆ ಓದಿದ ಸಪ್ಲಾಯರನಿಗೆ ಟ್ರಸ್ಟಿನ ಲೆಕ್ಕ ಏನು ಅರ್ಥವಾದೀತು ಎಂದು ಕೇಳುತ್ತಾರೆ. ನಾವೂ ಅಷ್ಟೇ ಓದಿದವರು. ಅದಕ್ಕೆ ನಮ್ಮ ಉತ್ತರ ಹೀಗೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುವಾಗ ಗಲ್ಲೆಯ ಹಣವನ್ನು ಬಿಲ್ಲಿಗೆ ತಾಳೆ ಹಾಕುವವನು ಯಾರು? ಹತ್ತು ಮೇಜಿನವರು ತಿಂದುದನ್ನು ಕಾಗದವಿಲ್ಲದೆ ನೆನಪಿನಲ್ಲಿಟ್ಟು ಹೇಳುವವನು ಯಾರು? ಅಕ್ಕಿ ಇಷ್ಟು ನೆನೆಸಿದರೆ ಇಡ್ಲಿ ಇಷ್ಟಾಗಬೇಕು, ಕಡಿಮೆಯಾದರೆ ಎಲ್ಲೋ ಸೋರಿದೆ ಎಂದು ಕಣ್ಣಳತೆಯಲ್ಲಿ ಹಿಡಿಯುವವನು ಯಾರು? ಒಂದು ಭವನಕ್ಕೆ ಇಷ್ಟು ಸಿಮೆಂಟು ಏಕೆ ಬೇಕಾಯಿತೆಂದು ಕೇಳಲು ಕಲಬುರ್ಗಿಯ ಗೌಂಡಿಗಿಂತ ಯೋಗ್ಯನಾದ ವಿಶ್ವಸ್ಥನನ್ನು ತೋರಿಸಿರಿ. ಆಡಿಟರನು ಕಾಗದವನ್ನು ನೋಡುತ್ತಾನೆ, ದುಡಿಯುವವನು ಸಾಮಾನನ್ನು ನೋಡುತ್ತಾನೆ. ಸಂಸ್ಥೆಗೆ ಎರಡೂ ಕಣ್ಣು ಬೇಕು.

ಕಾರ್ಮಿಕರು ಸಭೆಗೇ ಬರುವುದಿಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. ಹೇಗೆ ಬರಬೇಕು? ಮಹಾಸಭೆಯನ್ನು ಕರೆಯುವುದು ಆದಿತ್ಯವಾರ ಬೆಳಿಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಹೋಟೆಲಿನಲ್ಲಿ ಮಸಾಲೆ ದೋಸೆಗೆ ಜನ ಸಾಲು ನಿಂತಿರುತ್ತಾರೆ. ಅದೇ ಸಭೆಯನ್ನು ವಾರದ ಮಧ್ಯೆ, ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ಚಹಾ ಆರಂಭವಾಗುವ ಮುಂಚೆ, ಮೂರರಿಂದ ಐದರವರೆಗೆ ಇಟ್ಟು ನೋಡಿರಿ. ಬಂದವರನ್ನೂ ಕೇಳಗೊಡದ ರೀತಿಯನ್ನು ನಾವು ಕಂಡಿದ್ದೇವೆ. ಒಂದು ಸಂಸ್ಥೆಯ ಸಭೆಯಲ್ಲಿ ಕ್ಯಾಂಟೀನಿನ ಹುಡುಗನೊಬ್ಬನು ಎದ್ದು, ಸನ್ಮಾನಕ್ಕೆ ಎಷ್ಟಾಯಿತು, ವಿದ್ಯಾರ್ಥಿ ವೇತನಕ್ಕೆ ಎಷ್ಟಾಯಿತು ಎಂದು ಕೇಳಿದನು. ವೇದಿಕೆಯಿಂದ ಬಂದ ಉತ್ತರ, ಊಟ ಬಡಿಸಿದೆ, ಎಲ್ಲರೂ ಏಳಬೇಕು ಎಂದು. ಹುಡುಗನು ಊಟ ಮಾಡಿದನು. ಮರುವರುಷ ಅವನು ದೇಣಿಗೆಯನ್ನೂ ಕೊಡಲಿಲ್ಲ, ಸಭೆಗೂ ಬರಲಿಲ್ಲ. ಸಂಸ್ಥೆಗೆ ಆದ ನಷ್ಟ ನೂರು ರೂಪಾಯಿ ಮಾತ್ರವೇ ಎಂಬುದನ್ನು ವಾಚಕರೇ ವಿಚಾರ ಮಾಡಲಿ.

ಆದುದರಿಂದ ಘಣಸೋಲಿಯಿಂದ ಕಲ್ಯಾಣದವರೆಗಿನ ನಮ್ಮ ಸಂಘ ಸಂಸ್ಥೆಗಳ ಮುಂದೆ ಐದು ಬೇಡಿಕೆಗಳನ್ನು ಇಡುತ್ತೇವೆ. ಒಂದು, ಪ್ರತಿಯೊಬ್ಬ ವಿಶ್ವಸ್ಥನ ಉದ್ಯೋಗ, ಗಾದಿಗೆ ಬಂದ ವರುಷ, ಇತರ ಸಂಸ್ಥೆಗಳಲ್ಲಿ ಇರುವ ಗಾದಿ, ಈ ಸಂಸ್ಥೆಯೊಡನೆ ಆತನಿಗೋ ಆತನ ಮನೆಯವರಿಗೋ ಇರುವ ಗುತ್ತಿಗೆ ವ್ಯವಹಾರ, ಇವಿಷ್ಟನ್ನೂ ವಾರ್ಷಿಕ ವರದಿಯಲ್ಲಿ ಒಂದು ಪುಟದಲ್ಲಿ ಅಚ್ಚು ಹಾಕಬೇಕು. ಎರಡು, ಗಾದಿಗೆ ಅವಧಿಯಿರಬೇಕು. ಅವಧಿ ಮುಗಿದವರು ಇಳಿದು ಹಿರಿಯರಾಗಿ ಸಲಹೆ ಕೊಡಲಿ. ಮೂರು, ಕನಿಷ್ಠ ಇಬ್ಬರು ವಿಶ್ವಸ್ಥರು ಸಂಬಳಕ್ಕೆ ದುಡಿಯುವವರಾಗಿರಬೇಕು. ಅವರಲ್ಲಿ ಒಬ್ಬಳು ಹೆಂಗಸಾದರೆ ಇನ್ನೂ ಒಳ್ಳೆಯದು. ಸಭೆಗೆ ಬರುವ ದಿನದ ಕೂಲಿ ಅವರಿಗೆ ನಷ್ಟವಾಗಬಾರದು. ನಾಲ್ಕು, ರಸೀದಿ ಪುಸ್ತಕಗಳಿಗೆ ಕ್ರಮಸಂಖ್ಯೆಯಿದ್ದು, ಹೊರಗೆ ಹೋದವು ಎಷ್ಟು, ತಿರುಗಿ ಬಂದವು ಎಷ್ಟು ಎಂಬುದನ್ನು ಸಭೆಯಲ್ಲಿ ಹೇಳಬೇಕು. ಐದು, ಲೆಕ್ಕವನ್ನು ಕನ್ನಡದಲ್ಲಿ, ಊಟಕ್ಕೆ ಮುಂಚೆ, ಗಟ್ಟಿಯಾಗಿ ಓದಬೇಕು.

ಇದರಲ್ಲಿ ಯಾರನ್ನೂ ಕಳ್ಳರೆಂದು ಕರೆದಿಲ್ಲ. ಪ್ರಾಮಾಣಿಕನಾದ ವಿಶ್ವಸ್ಥನಿಗೆ ಈ ಐದು ಮಾತುಗಳು ರಕ್ಷೆಯೇ ಹೊರತು ಶಿಕ್ಷೆಯಲ್ಲ. ನಾಳೆ ಅವನ ಮೇಲೆ ಯಾರಾದರೂ ಅಪವಾದ ಹೊರಿಸಿದರೆ ಅಚ್ಚಾದ ಪುಟವೇ ಅವನ ಪರವಾಗಿ ಮಾತಾಡುತ್ತದೆ. ಮಂಗಳೂರಿನ ಕಾರ್ನಾಡ್ ಸದಾಶಿವರಾಯರು ಶ್ರೀಮಂತ ಮನೆಯಲ್ಲಿ ಹುಟ್ಟಿ, ತಮ್ಮ ಆಸ್ತಿಯನ್ನೆಲ್ಲ ಸ್ವಾತಂತ್ರ್ಯದ ಹೋರಾಟಕ್ಕೂ ದೀನರ ಸೇವೆಗೂ ಸುರಿದು, 1937ರಲ್ಲಿ ಬರಿಗೈಯವರಾಗಿ ತೀರಿಕೊಂಡರು. ಅಷ್ಟು ತ್ಯಾಗವನ್ನು ನಾವು ಯಾರಿಂದಲೂ ಕೇಳುವುದಿಲ್ಲ. ಒಂದು ಪುಟದ ವಿವರವನ್ನೂ ಎರಡು ಗಂಟೆಯ ಉತ್ತರವನ್ನೂ ಕೇಳುತ್ತೇವೆ.

ಸಂಗಾತಿಗಳೇ, ದೇಣಿಗೆ ಕೊಡುವುದನ್ನು ನಿಲ್ಲಿಸಬೇಡಿರಿ. ಕೊಟ್ಟ ರಸೀದಿಯನ್ನು ಜೋಪಾನವಾಗಿಡಿರಿ. ಸದಸ್ಯತ್ವದ ಅರ್ಜಿ ತುಂಬಿಸಿ, ಮುಂದಿನ ಮಹಾಸಭೆಗೆ ರಜೆ ಕೇಳಿ ಹೋಗಿರಿ. ಒಬ್ಬರೇ ಹೋಗಬೇಡಿರಿ, ಹತ್ತು ಜನ ಕೂಡಿ ಹೋಗಿರಿ. ಗದ್ದಲ ಮಾಡಬೇಡಿರಿ, ಸರದಿಯಂತೆ ಎದ್ದು ಒಂದೊಂದೇ ಪ್ರಶ್ನೆ ಕೇಳಿರಿ. ಉತ್ತರ ಬರುವವರೆಗೆ ಊಟಕ್ಕೆ ಏಳಬೇಡಿರಿ.