ಎದುರಿನ ಥೇಟರಿನವರ ಮಾತು

ಬನಶಂಕರಿಯ ಜಾತ್ರೆಯನ್ನು ಕಂಡವರಿಗೆ ಆ ನೋಟವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಪುಷ್ಯಮಾಸದ ಬನದ ಹುಣ್ಣಿಮೆಯಂದು ತೇರು ಎಳೆದ ಮೇಲೆ, ಬಾದಾಮಿಯ ಸಮೀಪದ ಆ ಬಯಲು ಸುಮಾರು ಒಂದು ತಿಂಗಳ ಕಾಲ ಊರೇ ಆಗಿಬಿಡುತ್ತದೆ. ಒಂದು ಕಡೆ ಮಾರಾಟಕ್ಕೆ ಬಂದ ಬಾಗಿಲು ಚೌಕಟ್ಟುಗಳ ಸಾಲು. ಇನ್ನೊಂದು ಕಡೆ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಕೆಂಪು ಚಟ್ನಿಗಳನ್ನಿಟ್ಟುಕೊಂಡು ಕುಳಿತ ಹೆಂಗಸರು. ನಡುವೆ ತಗಡು ಹೊದಿಸಿದ ನಾಟಕದ ಥೇಟರುಗಳು, ಒಂದರ ಮಗ್ಗುಲಿಗೆ ಇನ್ನೊಂದು. ಒಬ್ಬ ಮಾಲೀಕನ ಧ್ವನಿವರ್ಧಕ ಇನ್ನೊಬ್ಬನ ಧ್ವನಿವರ್ಧಕದ ಮುಖಕ್ಕೇ ಕೂಗುತ್ತಿರುತ್ತದೆ. ಒಂದೇ ದಿನ ಹಲವು ಆಟಗಳು. ಮಲಪ್ರಭೆಯ ಸೀಮೆಯ ರೈತ ಬಂಡಿ ಬಿಟ್ಟು ಟ್ರ್ಯಾಕ್ಟರ್ ಏರಿದ್ದಾನೆ, ಆದರೆ ಜಾತ್ರೆಯ ನಾಟಕವನ್ನು ಬಿಟ್ಟಿಲ್ಲ.

ಅಂಥ ಕಂಪನಿಯೊಂದರ ಮಾಲೀಕರು, ತೇರು ಕಳೆದ ನಾಲ್ಕನೆಯ ದಿನ, ಬೆಳಗಿನ ಬಸ್ಸಿಗೆ ನಮ್ಮ ಮನೆಗೆ ಬಂದಿಳಿದರು. ನನಗೆ ಹಳೆಯ ಪರಿಚಯದವರು. ರಾತ್ರಿಯ ಆಟ ಮುಗಿಸಿ ನಿದ್ದೆಯಿಲ್ಲದೆ ಬಂದುದರಿಂದ ಕಣ್ಣು ಕೆಂಪಾಗಿದ್ದವು. ಕೊಟ್ಟ ಚಹಾವನ್ನು ಮುಟ್ಟದೆ, ಕಿಸೆಯಿಂದ ಮೊಬೈಲನ್ನು ತೆಗೆದು ನನ್ನ ಮುಂದೆ ಹಿಡಿದರು. ಸುತ್ತಲಿನ ಹಳ್ಳಿಗಳ ವಾಟ್ಸಾಪ್ ಗುಂಪುಗಳಲ್ಲಿ ಮೂರು ದಿನಗಳಿಂದ ಒಂದು ಬರಹ ಸುತ್ತುತ್ತಿತ್ತು. ಬರೆದವನ ಹೆಸರಿಲ್ಲ. ಅದರಲ್ಲಿದ್ದ ಆರೋಪಗಳು ಮೂರು: ಕರಪತ್ರದಲ್ಲಿ ಹೆಸರು ಅಚ್ಚು ಹಾಕಿಸಿರುವ ನಾಯಕಿ ಈ ಕಂಪನಿಗೆ ಬರುವುದೇ ಇಲ್ಲ; ಥೇಟರಿನ ವಿದ್ಯುತ್ ತಂತಿಗಳು ಸರಿಯಿಲ್ಲ, ಬೆಂಕಿ ಹತ್ತಿದರೆ ಹೊರಬೀಳಲು ದಾರಿಯಿಲ್ಲ; ಹಾಸ್ಯದ ಹೆಸರಿನಲ್ಲಿ ಇಲ್ಲಿ ಆಡುವ ಮಾತುಗಳನ್ನು ತಾಯಿ ತಂಗಿಯರ ಜೊತೆಗೆ ಕುಳಿತು ಕೇಳುವಂತಿಲ್ಲ.

“ಇದು ಎದುರಿನ ಥೇಟರಿನವರದ ಕೆಲಸರೀ ಸರ. ನಿನ್ನೆ ಸಂಜಿ ಆಟಕ್ಕ ಅರ್ಧ ಕುರ್ಚಿ ಖಾಲಿ. ಮೂವತ್ತೈದು ಮಂದಿ ಉಣ್ಣವರು ಅದಾರ. ಜಾತ್ರಿ ಹೋತಂದ್ರ ನಮಗ ವರ್ಷಾನ ಹೋತು,” ಎಂದರು. ಆ ಮೇಲೆ ಬಂದ ಕಾರಣವನ್ನು ಹೇಳಿದರು. “ನೀವು ಬರಿಯೋರು. ಅವರಿಗೆ ನಾಟೋಹಂಗ ನಾಕು ಸಾಲು ಬರದು ಕೊಡ್ರಿ. ಅವರ ಹುಳುಕೆಲ್ಲಾ ನನ್ನ ಹತ್ರ ಐತಿ.”

ಹುಳುಕುಗಳನ್ನು ಒಂದೊಂದಾಗಿ ಹೇಳತೊಡಗಿದರು. ಕೇಳಲು ಸ್ವಾರಸ್ಯವಾಗಿಯೇ ಇದ್ದವೆಂದು ಒಪ್ಪಿಕೊಳ್ಳುತ್ತೇನೆ. ಲೇಖನಿ ಹಿಡಿದವನಿಗೆ ಇಂಥ ಆಹ್ವಾನಕ್ಕಿಂತ ದೊಡ್ಡ ಆಮಿಷ ಬೇರೊಂದಿಲ್ಲ. ಆದರೂ ನಾನು ಬರೆದುಕೊಡಲಿಲ್ಲ.

ಮೊದಲನೆಯದಾಗಿ, ಇದು ಎದುರಿನ ಥೇಟರಿನವರದೇ ಕೈವಾಡವೆಂದು ಹೇಗೆ ಗೊತ್ತು ಎಂದು ಕೇಳಿದೆ. “ಮತ್ತ ಇನ್ಯಾರು ಮಾಡ್ತಾರ್ರಿ?” ಎಂದರು. ಮಾತು ಬೆಳೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಹಿಂದಿನ ಕ್ಯಾಂಪಿನಲ್ಲಿ ಪಗಾರದ ವಿಷಯಕ್ಕೆ ಜಗಳವಾಗಿ ಪೇಟಿ ಮಾಸ್ತರರೊಬ್ಬರು ಕಂಪನಿಯನ್ನು ಬಿಟ್ಟು ಹೋಗಿದ್ದರಂತೆ. ನಾಯಕಿ ಯಾವ ದಿನ ಬರುತ್ತಾಳೆ, ತಂತಿ ಎಲ್ಲಿಂದ ಎಲ್ಲಿಗೆ ಹಾಯ್ದಿದೆ ಎಂಬುದು ಎದುರಿನವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರಬೇಕಷ್ಟೆ. ಅವರೇ ಬರೆದರೆಂದು ನಾನು ಹೇಳುವುದಿಲ್ಲ. ಆದರೆ ಹೆಸರಿಲ್ಲದ ಬಾಣಕ್ಕೆ ಹೆಸರು ಹಿಡಿದು ಬಾಣ ಬಿಟ್ಟರೆ, ಮರುದಿನ ತಪ್ಪಿತಸ್ಥರ ಜಾಗದಲ್ಲಿ ನಿಲ್ಲುವವರು ನಮ್ಮ ಮಾಲೀಕರೇ.

ಇನ್ನು ಮರುಮಾತಿನ ಪ್ರಶ್ನೆ. ಹಿಂದೆ ಎದುರಾಳಿಯ ಗೋಡೆಪತ್ರಕ್ಕೆ ರಾತ್ರೋರಾತ್ರಿ ಸಗಣಿ ಬಳಿಯುವವರಿದ್ದರು, ಅದನ್ನು ಬೆಳಿಗ್ಗೆ ಒಂದು ಕೊಡ ನೀರಿನಿಂದ ತೊಳೆಯಬಹುದಿತ್ತು ಎಂದು ಮಾಲೀಕರೇ ನಗುತ್ತ ನೆನೆಸಿಕೊಂಡರು. ಈಗಿನ ಸಗಣಿ ಬಸ್ಸಿಗಿಂತ ಮೊದಲೇ ಇಳಕಲ್ಲನ್ನೂ ಗಜೇಂದ್ರಗಡವನ್ನೂ ಮುಟ್ಟುತ್ತದೆ. ಹಾಗಿದ್ದರೂ ಆ ಬರಹವನ್ನು ಓದದ ಜನ ಓದಿದವರಿಗಿಂತ ಎಷ್ಟೋ ಪಾಲು ಹೆಚ್ಚು. ಆಟೋರಿಕ್ಷಾದ ಮೈಕಿನಲ್ಲಿ “ನಮ್ಮ ಥೇಟರಿಗೆ ಬೆಂಕಿ ಬೀಳುತ್ತದೆಂಬುದು ಶುದ್ಧ ಸುಳ್ಳು” ಎಂದು ಕೂಗಿಸಿದಿರೋ, ಬೆಂಕಿಯ ಮಾತನ್ನು ಕೇಳದವನ ಕಿವಿಗೂ ನೀವೇ ಅದನ್ನು ಮುಟ್ಟಿಸಿದಂತಾಯಿತು. ಅವನು “ಸುಳ್ಳು” ಎಂಬುದನ್ನು ಮರೆತು “ಬೆಂಕಿ” ಎಂಬುದನ್ನಷ್ಟೇ ಮನೆಗೆ ಒಯ್ಯುತ್ತಾನೆ.

ಅದಕ್ಕಿಂತಲೂ ಮಿಗಿಲಾದ ಮಾತೊಂದಿದೆ. ಬನಶಂಕರಿಗೆ ಜನ ನಾಟಕ ನೋಡಲೆಂದು ಬರುವುದು ಅಲ್ಲಿ ಒಂದು ಥೇಟರು ಇರುವುದರಿಂದಲ್ಲ, ಸಾಲಾಗಿ ಇರುವುದರಿಂದ. ಇಲ್ಲಿ ಟಿಕೀಟು ಸಿಗದವನು ಅಲ್ಲಿಗೆ ಹೋಗುತ್ತಾನೆ. ಅಲ್ಲಿ ಹೊಟ್ಟೆ ತುಂಬ ನಕ್ಕವನು ನಾಳೆ ಇಲ್ಲಿಗೂ ಬರುತ್ತಾನೆ. ನಾಟಕವೇ ಹೊಲಸು, ಥೇಟರೇ ಅಪಾಯ ಎಂಬ ಭಾವನೆ ಜಾತ್ರೆಯಲ್ಲಿ ಒಮ್ಮೆ ಬೇರೂರಿತೆಂದರೆ, ಅದು ಒಂದೇ ಗಲ್ಲಾಪೆಟ್ಟಿಗೆಯ ಮುಂದೆ ನಿಲ್ಲುವುದಿಲ್ಲ. ನಟನಟಿಯರಾದರೂ ಅಷ್ಟೆ: ಈ ವರ್ಷ ಎದುರಿನವರಲ್ಲಿ ಖಳನಾಯಕನಾಗಿರುವವನು ಮುಂದಿನ ವರ್ಷ ನಿಮ್ಮಲ್ಲಿಗೇ ಬಂದು ಮುಂಗಡ ಕೇಳುವವನು.

“ಹಂಗಾರ ಸುಮ್ಮನ ಕೂಡಬೇಕೇನ್ರಿ?” ಎಂದು ಅವರು ರೇಗಿದರು. ರೇಗಿದ್ದು ನ್ಯಾಯವಾಗಿಯೇ ಇತ್ತು. ಮೌನ ಎಲ್ಲ ಸಂದರ್ಭಕ್ಕೂ ಒಗ್ಗುವ ಮದ್ದಲ್ಲ. ಹೊಟ್ಟೆಯ ಪಾಡು ಇರುವವನಿಗೆ ಮೌನದ ಮಹಿಮೆಯನ್ನು ಬೋಧಿಸುವವರನ್ನು ಕಂಡರೆ ನನಗೂ ಅಸಮಾಧಾನವೇ.

ಕಾನೂನಿನ ಬಾಗಿಲು ಇದೆಯಲ್ಲ ಎಂದು ವಾಚಕರು ಕೇಳಬಹುದು. ಇದೆ, ಆದರೆ ಅದರ ಹೊಸ್ತಿಲು ಎತ್ತರ. 1860ರ ದಂಡಸಂಹಿತೆಯ 499ನೆಯ ಕಲಮಿನಲ್ಲಿದ್ದ ಮಾನಹಾನಿಯ ವಿಧಿ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿದೆ. ತಪ್ಪಿತಸ್ಥನಿಗೆ ಎರಡು ವರ್ಷಗಳವರೆಗೆ ಸಾದಾ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡೂ. ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆಯ ಶಿಕ್ಷೆಯೂ ಸೇರಿದೆ. ಆದರೆ ಇಂಥ ದೂರಿನ ಮೇಲೆ ಪೊಲೀಸರು ತಾವಾಗಿಯೇ ತನಿಖೆಗೆ ಹೊರಡುವಂತಿಲ್ಲ. ನೊಂದವನು ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕು. ಪರಿಹಾರಧನಕ್ಕಾಗಿ ಸಿವಿಲ್ ದಾವೆ ಹೂಡುವುದಾದರೆ 1963ರ ಕಾಲಮಿತಿ ಕಾಯಿದೆ ಒಂದು ವರ್ಷದ ಗಡುವು ಕೊಟ್ಟಿದೆ. ಜಾತ್ರೆಯೋ ಒಂದು ತಿಂಗಳಿನದು. ಆದ್ದರಿಂದ ಬರಹ ಅಳಿಸಿಹೋಗುವ ಮೊದಲೇ, ದಿನಾಂಕ ಮತ್ತು ಗುಂಪಿನ ಹೆಸರು ಕಾಣುವಂತೆ ಮೊಬೈಲಿನ ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ, ವಕೀಲರನ್ನು ಜಾತ್ರೆ ಕಳೆದ ಮೇಲೆ ಕಾಣಿರಿ ಎಂದೆ.

ಆ ಹಳೆಯ ಕಲಮಿನ ಅಪವಾದಗಳಲ್ಲಿ ನಾಟಕದವರು ತಿಳಿದಿರಲೇಬೇಕಾದ ಸ್ವಾರಸ್ಯವೊಂದಿದೆ. ಸಾರ್ವಜನಿಕ ರಂಗವನ್ನೇರಿದ ನಟನೂ ಗಾಯಕನೂ ತನ್ನ ಅಭಿನಯವನ್ನೂ ಗಾನವನ್ನೂ ಜನರ ತೀರ್ಪಿಗೆ ಒಪ್ಪಿಸಿದವನೇ ಎಂದು ಅಲ್ಲಿ ಉದಾಹರಣೆಯನ್ನೇ ಕೊಟ್ಟಿದ್ದಾರೆ. ಸದ್ಭಾವನೆಯಿಂದ “ಈ ನಾಟಕ ಕೆಟ್ಟದ್ದು” ಎಂದವನ ಮೇಲೆ ಮೊಕದ್ದಮೆ ನಿಲ್ಲದು. ವ್ಯಾಪಾರದ ಪೈಪೋಟಿಯಲ್ಲಿಯೂ ಇಂಥದೇ ಒಂದು ಗೆರೆಯಿದೆ. ಬಟ್ಟೆಗೆ ಹಾಕುವ ನೀಲಿಯನ್ನು ಮಾರುವ ಇಬ್ಬರ ವ್ಯಾಜ್ಯದಲ್ಲಿ 1999ರಲ್ಲಿ ಕಲಕತ್ತೆಯ ಉಚ್ಚ ನ್ಯಾಯಾಲಯ ಅದನ್ನು ಸ್ಪಷ್ಟವಾಗಿ ಎಳೆದಿತು: ನನ್ನ ಸರಕೇ ಜಗತ್ತಿನಲ್ಲಿ ಶ್ರೇಷ್ಠವೆಂದು, ಅದು ನಿಜವಲ್ಲದಿದ್ದರೂ, ವ್ಯಾಪಾರಿ ಕೂಗಿಕೊಳ್ಳಬಹುದು, ಎದುರಾಳಿಯ ಸರಕು ಕೆಟ್ಟದ್ದೆಂದು ಕೂಗುವಂತಿಲ್ಲ. ನಮ್ಮ ಮಾಲೀಕರು ನನ್ನಿಂದ ಬರೆಸಿಕೊಳ್ಳಬಂದಿದ್ದ ನಾಲ್ಕು ಸಾಲುಗಳು ಆ ಗೆರೆಯ ಆಚೆಗೆ ಬೀಳುವಂಥವೇ ಆಗಿದ್ದವು.

ಹಿಂದಿನವರು ಪೈಪೋಟಿಗೆ ಏನು ಮಾಡುತ್ತಿದ್ದರೆಂದು ಮಾತು ಬಂದಾಗ ಗುಬ್ಬಿ ವೀರಣ್ಣನವರ ನೆನಪು ಬಾರದೆ ಇರದು. ‘ಕುರುಕ್ಷೇತ್ರ’ ನಾಟಕಕ್ಕಾಗಿ ಅವರು ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. 1934ರಲ್ಲಿ ‘ಸತಿ ಸುಲೋಚನ’ ಬಂದು ಕನ್ನಡದಲ್ಲಿ ಮಾತಾಡುವ ಚಿತ್ರದ ಯುಗ ತೆರೆದಾಗ, ನಾಟಕಗಳಿಗೆ ಹಿಂದೆಂದೂ ಕಾಣದ ಎದುರಾಳಿ ಹುಟ್ಟಿತು. ವೀರಣ್ಣನವರು ಆ ಎದುರಾಳಿಯ ಅಂಗಳಕ್ಕೇ ಇಳಿದು ಚಿತ್ರ ತೆಗೆದರು. ಅವರ ಕಂಪನಿಯಲ್ಲಿ ಬೆಳೆದ ಹುಡುಗ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಆದರು. ನಮ್ಮ ಮಾಲೀಕರು ಇದೆಲ್ಲವನ್ನೂ ತಾಳ್ಮೆಯಿಂದ ಕೇಳಿ, “ಆನಿಗೆ ಮೇವು ಯಾರು ಹಾಕ್ತಾರ್ರಿ?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಮೂರು ಆರೋಪಗಳನ್ನೂ ಬೇರೆಬೇರೆಯಾಗಿ ತೆಗೆದುಕೊಂಡೆವು. ನಾಯಕಿಯದು ಸುಲಭ. ಆ ತಾಯಿ ಬಣ್ಣ ಹಚ್ಚಿಕೊಳ್ಳುತ್ತಲೇ, “ನಾನು ಇಲ್ಲೇ ಇದ್ದೇನೆ, ಈ ಹೊತ್ತಿನ ಎಲ್ಲ ಆಟಗಳಲ್ಲೂ ಪಾತ್ರ ಮಾಡುತ್ತೇನೆ” ಎಂದು ಮೊಬೈಲಿನ ಮುಂದೆ ಎರಡು ಮಾತಾಡಿದರೆ ಸಾಕು. ಯಾವ ಗುಂಪುಗಳಲ್ಲಿ ಸುಳ್ಳು ಓಡಾಡಿತೋ ಅದೇ ಗುಂಪುಗಳಿಗೆ ಅದನ್ನು ಪ್ರತಿದಿನ ಕಳಿಸುವುದು. ಎದುರಾಳಿಯ ಹೆಸರೂ ಬೇಡ, ಸುಳ್ಳಿನ ಹೆಸರೂ ಬೇಡ. ತಂತಿಯ ವಿಷಯದಲ್ಲಿ ಮಾಲೀಕರ ಬಳಿ ಪರವಾನಗಿಯೂ ತಪಾಸಣೆಯ ಕಾಗದವೂ ಇದ್ದವು, ಟ್ರಂಕಿನ ತಳದಲ್ಲಿ. ಅವನ್ನು ಗಾಜು ಹಾಕಿಸಿ ಟಿಕೀಟು ಕೊಡುವ ಕಿಟಕಿಯ ಪಕ್ಕ ತೂಗುಹಾಕಿ, ಹೊರಹೋಗುವ ಬಾಗಿಲುಗಳ ಮೇಲೆ ದೊಡ್ಡ ಅಕ್ಷರದ ಫಲಕ ಕಟ್ಟಿಸಲು ಒಪ್ಪಿದರು. ಜೀವಭಯದ ಮಾತನ್ನು ಒಂದು ದಿನವೂ ಹಾಗೆಯೇ ಬಿಡಬಾರದು. ಮಕ್ಕಳನ್ನು ಕರೆತರುವ ತಾಯಿ ಅದನ್ನು ಕ್ಷಮಿಸಲಾರಳು, ಕ್ಷಮಿಸಲೂಬಾರದು.

ಮೂರನೆಯದಕ್ಕೆ ಬಂದಾಗ ಅವರು ಮಾತು ನಿಲ್ಲಿಸಿದರು. ನಾನು ಅವರ ನಾಟಕವನ್ನು ಹಿಂದೊಮ್ಮೆ ನೋಡಿದ್ದೆ. ಸೊಸೆಯಂದಿರ ಜೊತೆ ಬಂದಿದ್ದ ಮುದುಕಿಯೊಬ್ಬಳು ಹಾಸ್ಯಗಾರನ ದ್ವಂದ್ವಾರ್ಥದ ಮಾತಿಗೆ ಸೆರಗಿನಿಂದ ಮುಖ ಮುಚ್ಚಿಕೊಂಡು, ನಕ್ಕಳೋ ನಾಚಿದಳೋ ತಿಳಿಯದಂತೆ ಕುಳಿತಿದ್ದುದು ನನ್ನ ಕಣ್ಣ ಮುಂದೆ ಬಂತು. ಹಿಂದಿನ ಸಾಲಿನ ಯುವಕರು ಸಿಳ್ಳೆ ಹಾಕುತ್ತಿದ್ದರು. ಅದನ್ನು ಅವರಿಗೆ ಹೇಳಿದೆ. “ಆ ಸಿಳ್ಳಿಗೇ ಥೇಟರು ನಡಿಯೂದ್ರಿ ಸರ,” ಎಂದರು ಬಹಳ ಹೊತ್ತಿನ ಮೇಲೆ. ಹಾಸ್ಯಗಾರ ಅವರ ಹೆಂಡತಿಯ ತಮ್ಮ, ಕಂಪನಿಯ ಬೆನ್ನೆಲುಬು. ಅವನಿಗೆ ಮಾತು ಕಡಿಮೆ ಮಾಡೆನ್ನುವುದೂ ಒಂದೇ, ಉಪವಾಸ ಇರೆನ್ನುವುದೂ ಒಂದೇ. ಆದರೆ ಎದುರಿನವರು ಮೂರು ಕಲ್ಲು ಎಸೆದಿದ್ದರೆ, ಗುರಿ ಮುಟ್ಟಿದ್ದು ಈ ಒಂದೇ. ಹೆಂಗಸರು ಬಿಟ್ಟುಹೋದ ಕುರ್ಚಿಗಳನ್ನು ಸಿಳ್ಳೆ ತುಂಬಲಾರದೆಂಬುದು ನಿನ್ನೆಯ ಸಂಜೆಯ ಆಟದಲ್ಲಿ ಅವರಿಗೂ ಕಂಡಿತ್ತು. ಈಗ ಚಹಾ ಕುಡಿದರು. ಅದು ಆರಿ ತಣ್ಣಗಾಗಿತ್ತು.

ಒಂದು ವಾರದ ಮೇಲೆ ಅವರೇ ದೂರವಾಣಿ ಮಾಡಿದರು. ಫಲಕ ಕಟ್ಟಿಸಿದ್ದಾರೆ, ನಾಯಕಿಯ ಮಾತು ಹಳ್ಳಿಗಳಲ್ಲಿ ಓಡಾಡುತ್ತಿದೆ, ಸಂಜೆಯ ಆಟಕ್ಕೆ ಜನ ಮೊದಲಿನಷ್ಟಿಲ್ಲದಿದ್ದರೂ ಬರುತ್ತಿದ್ದಾರೆ. ಹಾಸ್ಯಗಾರ ಎರಡು ದಿನ ಮುನಿಸಿಕೊಂಡು ಉಣ್ಣದೆ ಕುಳಿತು, ಐದು ಮಾತುಗಳನ್ನು ತೆಗೆದುಹಾಕಿದನಂತೆ. “ಅದ್ರಾಗ ಒಂದನ್ನ ನಿನ್ನೆ ಮತ್ತ ಸೇರಿಸ್ಯಾನ್ರಿ. ಮಂದಿ ನಕ್ಕರು. ಹೆಣ್ಮಕ್ಕಳೂ ನಕ್ಕರು. ಈಗ ನಾ ಏನ್ ಮಾಡ್ಲಿ ಹೇಳ್ರಿ?” ಎಂದರು. ನಾನು ಏನು ಹೇಳಬೇಕೆಂದು ಯೋಚಿಸುತ್ತಿರುವಾಗ, ಅವರ ದನಿಯ ಹಿಂದೆ ಎದುರಿನ ಥೇಟರಿನ ಧ್ವನಿವರ್ಧಕ ಸ್ಪಷ್ಟವಾಗಿ ಕೇಳಿಸಿತು. ಇಂದಿನಿಂದ ತಮ್ಮಲ್ಲಿ ಮಹಿಳೆಯರೂ ಮಕ್ಕಳೂ ಕೂಡಿ ಕುಳಿತು ನೋಡಬಹುದಾದ ಹಾಸ್ಯ ಎಂದು ಅದು ಕೂಗುತ್ತಿತ್ತು.