ಯಂತ್ರವನ್ನು ನಂಬುವುದು ಹೇಗೆ?

ಕೌಟಿಲ್ಯನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗರಿಗಳಿಂದ ಎತ್ತಿ ೧೯೦೯ರಲ್ಲಿ ಅಚ್ಚುಮಾಡಿಸಿದವರು ಆರ್. ಶಾಮಾಶಾಸ್ತ್ರಿಗಳು. ಆ ಗ್ರಂಥದ ಮೊದಲನೆಯ ಅಧಿಕರಣದಲ್ಲಿ ರಾಜನ ದೇಹರಕ್ಷಣೆಯನ್ನು ಕುರಿತ ಪ್ರಕರಣವೊಂದುಂಟು. ಅಡಿಗೆ ಕಾವಲಿರುವ ಸ್ಥಳದಲ್ಲಿಯೇ ಆಗತಕ್ಕದ್ದು. ಆದರೂ ಬಡಿಸುವುದಕ್ಕೆ ಮುಂಚೆ ಅದರಲ್ಲಿ ಒಂದು ಪಾಲನ್ನು ಬೆಂಕಿಗೂ ಹಕ್ಕಿಗಳಿಗೂ ಕೊಟ್ಟು, ಜ್ವಾಲೆಯ ಬಣ್ಣವೇನಾಯಿತು, ಹಕ್ಕಿಗಳ ಗತಿಯೇನಾಯಿತು ಎಂದು ನೋಡಬೇಕು. ವೈದ್ಯನು ಔಷಧವನ್ನು ಮೊದಲು ತಾನು ರುಚಿನೋಡಿ ಆಮೇಲೆ ರಾಜನಿಗೆ ಕೊಡಬೇಕು. ಅಡಿಗೆಯವನು ಯಾವ ಸೀಮೆಯವನೆಂದು ವಿಚಾರಿಸಿಕೊಂಡು ಸುಮ್ಮನಾಗುವುದು ಆ ಶಾಸ್ತ್ರಕಾರನಿಗೆ ಸಾಕೆನಿಸಲಿಲ್ಲ.

ಈಚಿನ ಕೆಲವು ವರ್ಷಗಳಿಂದ ಪ್ರಪಂಚದ ದೊಡ್ಡ ಸರಕಾರಗಳು ತಮ್ಮ ಸಂಪರ್ಕಜಾಲಗಳ ವಿಷಯದಲ್ಲಿ ಪಡುತ್ತಿರುವ ಆತಂಕ ಇದೇ ಜಾತಿಯದು. ದೂರವಾಣಿಯ ಗೋಪುರ, ವಿನಿಮಯ ಕೇಂದ್ರ, ಮಾತನ್ನು ದಾರಿಗೆ ಹಚ್ಚುವ ರೂಟರು, ಇವು ಯಾವುವೂ ಈಗ ಒಂದೇ ದೇಶದಲ್ಲಿ ಹುಟ್ಟುವ ವಸ್ತುಗಳಲ್ಲ. ನಕ್ಷೆ ಒಂದು ಕಡೆ, ಚಿಪ್ಪು ಇನ್ನೊಂದು ಕಡೆ, ಜೋಡಣೆ ಮತ್ತೊಂದು ಕಡೆ. ಅದನ್ನು ನಡೆಸುವ ತಂತ್ರಾಂಶವಂತೂ ಮಾರಾಟವಾದ ಮೇಲೆಯೂ ದೂರದಿಂದಲೇ ಆಗಾಗ ಬದಲಾಗುತ್ತಿರುತ್ತದೆ. ಈ ಸರಪಳಿಯ ಯಾವ ಕೊಂಡಿಯಲ್ಲಿ ಬೇಕಾದರೂ ಕೇಡನ್ನು ಒಳಸೇರಿಸಬಹುದು. ೨೦೨೪ರ ಸೆಪ್ಟೆಂಬರಿನಲ್ಲಿ ಲೆಬನಾನಿನಲ್ಲಿ ಸಾವಿರಾರು ಪೇಜರುಗಳೂ ಮರುದಿನ ಕೈರೇಡಿಯೋಗಳೂ ಸಿಡಿದು ಜನ ಸತ್ತಾಗ, ಈ ಮಾತು ಪಂಡಿತರ ಶಂಕೆಯಾಗಿ ಉಳಿಯಲಿಲ್ಲ. ಕೊಂಡವರು ಹಣ ಕೊಟ್ಟು, ರಸೀದಿ ಪಡೆದು, ಸಿಡಿಮದ್ದನ್ನು ತಾವೇ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಹಾಗಾದರೆ ಸರಕಾರಗಳು ಮಾಡುತ್ತಿರುವುದೇನು? ಅದರಿಂದ ನಿಜವಾಗಿ ಸಿಕ್ಕುವ ಕ್ಷೇಮವೆಷ್ಟು? ಇದನ್ನು ವಿಚಾರಮಾಡಲು ನಾನು ಮೊದಲು ಅಮೆರಿಕಾ ಸಂಯುಕ್ತ ಸಂಸ್ಥಾನವನ್ನು ತೆಗೆದುಕೊಳ್ಳುತ್ತೇನೆ. ಈ ಕೆಲಸದಲ್ಲಿ ಅತ್ಯಂತ ಗಟ್ಟಿಯಾಗಿ ಕೈಹಾಕಿದ ದೇಶಗಳಲ್ಲಿ ಅದೊಂದು.

ಚೀನಾದ ಹುವಾವೇ ಮತ್ತು ಝಡ್‌ಟಿಇ ಕಂಪನಿಗಳ ಮೇಲೆ ಅಮೆರಿಕದ ಕೆಳಮನೆಯ ಬೇಹುಗಾರಿಕಾ ಸಮಿತಿ ೨೦೧೨ರಲ್ಲಿಯೇ ಅನುಮಾನ ವ್ಯಕ್ತಪಡಿಸಿತ್ತು. ೨೦೧೭ರಲ್ಲಿ ಚೀನಾ ಮಾಡಿದ ಶಾಸನವೊಂದು, ದೇಶದ ಬೇಹುಗಾರಿಕೆಗೆ ಅಲ್ಲಿನ ಎಲ್ಲ ಸಂಸ್ಥೆಗಳೂ ನೆರವಾಗಬೇಕೆಂದು ವಿಧಿಸಿದ ಮೇಲೆ ಆ ಅನುಮಾನ ಬಲವಾಯಿತು. ಕಂಪನಿಗಳು ಆರೋಪವನ್ನು ಉದ್ದಕ್ಕೂ ನಿರಾಕರಿಸುತ್ತ ಬಂದಿವೆ. ೨೦೧೯ರ ಮೇ ತಿಂಗಳಲ್ಲಿ ಅಧ್ಯಕ್ಷರ ಆಜ್ಞೆ ಹೊರಟಿತು. ಅದೇ ನವೆಂಬರಿನಲ್ಲಿ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಗ್ರಾಮಾಂತರ ಸಂಪರ್ಕಕ್ಕಾಗಿ ತಾನು ಕೊಡುವ ಸಹಾಯಧನದಿಂದ ಈ ಸಾಮಗ್ರಿಯನ್ನು ಕೊಳ್ಳಕೂಡದೆಂದಿತು. ೨೦೨೦ರ ಮಾರ್ಚಿಯಲ್ಲಿ ಬಂದ ಶಾಸನ ಇನ್ನೂ ಮುಂದೆ ಹೋಯಿತು: ಶಂಕಿತ ಸಾಮಗ್ರಿಯ ಪಟ್ಟಿಯೊಂದನ್ನು ಮಾಡತಕ್ಕದ್ದು, ಈಗಾಗಲೇ ನೆಟ್ಟಿರುವುದನ್ನು ಸಣ್ಣ ಕಂಪನಿಗಳು ಕಿತ್ತುಹಾಕಿ ಬೇರೆಯದನ್ನು ನೆಡಲು ಸರಕಾರ ಹಣ ಕೊಡತಕ್ಕದ್ದು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಸಾಮಗ್ರಿಯನ್ನು ಕೊಂಡಿದ್ದವರು ಮುಖ್ಯವಾಗಿ ನ್ಯೂಯಾರ್ಕಿನ ಸಿರಿವಂತ ಕಂಪನಿಗಳಲ್ಲ. ಮೊಂಟಾನಾ, ವಯೋಮಿಂಗ್, ನೆಬ್ರಾಸ್ಕಾಗಳಂಥ ವಿರಳ ಜನವಸತಿಯ ಬಯಲುಗಳಲ್ಲಿ, ಹತ್ತಾರು ಮೈಲಿಗೊಂದು ಗೋಪುರ ನಿಲ್ಲಿಸಿ ರೈತರಿಗೆ ದೂರವಾಣಿ ಕೊಡುತ್ತಿದ್ದ ಚಿಕ್ಕ ಸಂಸ್ಥೆಗಳು ಅವು. ಚೀನಾದ ಸರಕು ಅಗ್ಗವಾಗಿತ್ತು, ಆದ್ದರಿಂದ ಕೊಂಡರು. ಅದೇ ಬಯಲುಗಳಲ್ಲಿ ಅಮೆರಿಕದ ಪರಮಾಣು ಕ್ಷಿಪಣಿಗಳ ನೆಲಮಾಳಿಗೆಗಳೂ ಇರುವುದರಿಂದ ಸರಕಾರದ ದಿಗಿಲನ್ನು ನಾವು ಹಗುರವಾಗಿ ಕಾಣುವಂತಿಲ್ಲ. ಆದರೆ ಹಣದ ಲೆಕ್ಕ ನೋಡಿರಿ. ೨೦೨೦ರ ಕೊನೆಯಲ್ಲಿ ಕಾಂಗ್ರೆಸ್ಸು ೧೯೦ ಕೋಟಿ ಡಾಲರುಗಳನ್ನು ಮಂಜೂರು ಮಾಡಿತು. ಒಪ್ಪಿಗೆಯಾದ ಬೇಡಿಕೆಗಳ ಮೊತ್ತ ೪೯೮ ಕೋಟಿಯಾಯಿತು. ೨೦೨೨ರ ಜುಲೈನಲ್ಲಿ ಕಮಿಷನ್ನು, ತನ್ನಲ್ಲಿರುವ ಹಣ ನೂರಕ್ಕೆ ೪೦ರಷ್ಟು ಖರ್ಚಿಗೂ ಸಾಲದೆಂದು ತಿಳಿಸಿತು. ಉಳಿದ ೩೦೮ ಕೋಟಿಗೆ ದಾರಿಯಾದದ್ದು ೨೦೨೪ರ ಡಿಸೆಂಬರಿನಲ್ಲಿ. ಈ ನಡುವಣ ವರ್ಷಗಳಲ್ಲಿ ಹಳೆಯ ಯಂತ್ರಕ್ಕೆ ಬಿಡಿಭಾಗ ತರಿಸುವಂತಿಲ್ಲ, ಹೊಸದಕ್ಕೆ ದುಡ್ಡಿಲ್ಲ ಎಂಬ ಇಕ್ಕಟ್ಟಿನಲ್ಲಿ ಆ ಸಂಸ್ಥೆಗಳು ದಿನ ದೂಡಿದವು. ದೇಶಕ್ಕೆಲ್ಲ ಬೇಕಾದ ಕ್ಷೇಮದ ಹೊರೆ ದೇಶದ ಅಂಚಿನಲ್ಲಿರುವವರ ಹೆಗಲಿಗೆ ಬಂತು.

ಇಷ್ಟೆಲ್ಲ ಆದಮೇಲೆ ಅಮೆರಿಕದ ಜಾಲ ಭದ್ರವಾಯಿತೆ? ೨೦೨೪ರ ಶರತ್ಕಾಲದಲ್ಲಿ ಇದಕ್ಕೆ ಉತ್ತರ ದೊರೆಯಿತು. ‘ಸಾಲ್ಟ್ ಟೈಫೂನ್’ ಎಂದು ಹೆಸರಿಡಲಾದ, ಚೀನಾ ಸರಕಾರಕ್ಕೆ ಸೇರಿದ್ದೆಂದು ಅಮೆರಿಕ ಹೇಳುವ ಗುಂಪೊಂದು ಒಂಬತ್ತು ದೂರವಾಣಿ ಕಂಪನಿಗಳ ಒಳಕ್ಕೆ ಹೊಕ್ಕಿದ್ದುದು ಆ ವರ್ಷದ ಕೊನೆಯ ಹೊತ್ತಿಗೆ ಪ್ರಕಟವಾಯಿತು. ಚೀನಾ ಇದನ್ನು ಅಲ್ಲಗಳೆದಿದೆ. ಹೊಕ್ಕವರು ಯಾರೇ ಇರಲಿ, ಅವರಿಗೆ ಹುವಾವೇಯ ಯಂತ್ರ ಬೇಕಾಗಿರಲಿಲ್ಲ. ಪಟ್ಟಿಯಲ್ಲಿಲ್ಲದ ಹೆಸರಾಂತ ಕಂಪನಿಗಳ ಸಾಧನಗಳಲ್ಲಿ ಮೊದಲೇ ಎಲ್ಲರಿಗೂ ತಿಳಿದಿದ್ದ, ಆದರೆ ಯಾರೂ ಮುಚ್ಚದೆ ಬಿಟ್ಟಿದ್ದ ಬಿರುಕುಗಳೇ ಅವರಿಗೆ ದಾರಿಯಾದವು. ಅವರು ತಲುಪಿದ ಜಾಗಗಳಲ್ಲಿ ಒಂದು, ನ್ಯಾಯಾಲಯದ ಅಪ್ಪಣೆಯ ಮೇರೆಗೆ ಪ್ರಜೆಗಳ ಮಾತನ್ನು ಕದ್ದು ಕೇಳಲು ಸರಕಾರವೇ ಇಡಿಸಿದ್ದ ವ್ಯವಸ್ಥೆ. ಮನೆಯೊಡೆಯ ತನ್ನ ಅನುಕೂಲಕ್ಕೆಂದು ತೆಗೆಸಿದ ಹಿತ್ತಲ ಬಾಗಿಲಲ್ಲಿ ಕಳ್ಳನೂ ಬಂದ. ಕಂಪನಿಗಳು ತಮ್ಮ ಜಾಲವನ್ನು ಭದ್ರಪಡಿಸಲೇಬೇಕೆಂದು ೨೦೨೫ರ ಜನವರಿಯಲ್ಲಿ ಕಮಿಷನ್ನು ವಿಧಿಸಿತು. ಅದೇ ವರ್ಷದ ನವೆಂಬರಿನಲ್ಲಿ ಆ ವಿಧಿಯನ್ನು ತಾನೇ ಹಿಂತೆಗೆದುಕೊಂಡಿತು. ಪರದೇಶದ ಹೆಸರನ್ನು ಪಟ್ಟಿಗೆ ಸೇರಿಸುವುದಕ್ಕಿಂತ ಸ್ವದೇಶದ ಕಂಪನಿಯಿಂದ ಬಾಗಿಲು ಹಾಕಿಸುವುದು ಕಷ್ಟವೆಂದು ತೋರುತ್ತದೆ.

ಮಾರುವವನ ದೇಶವನ್ನು ಮಾತ್ರ ನೋಡುವವರಿಗೆ ಹಳೆಯ ಇನ್ನೊಂದು ಪಾಠವೂ ಉಂಟು. ಸ್ವಿಟ್ಜರ್ಲೆಂಡಿನ ಕ್ರಿಪ್ಟೋ ಏಜಿ ಎಂಬ ಕಂಪನಿ ಗುಪ್ತಲಿಪಿಯ ಯಂತ್ರಗಳನ್ನು ನೂರಕ್ಕೂ ಹೆಚ್ಚು ರಾಷ್ಟ್ರಗಳಿಗೆ ಮಾರಿತು. ಅವುಗಳಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. ಯಾವ ಪಕ್ಷಕ್ಕೂ ಸೇರದ ದೇಶದ ಸರಕಲ್ಲವೆ ಎಂಬುದೇ ಎಲ್ಲರ ಭರವಸೆ. ಆ ಕಂಪನಿಯನ್ನು ೧೯೭೦ರಿಂದ ಅಮೆರಿಕದ ಸಿ.ಐ.ಎ. ಮತ್ತು ಪಶ್ಚಿಮ ಜರ್ಮನಿಯ ಬೇಹುಗಾರಿಕೆಗಳು ಸೇರಿ ಗುಟ್ಟಾಗಿ ಹೊಂದಿದ್ದವೆಂಬುದು ೨೦೨೦ರ ಫೆಬ್ರವರಿಯಲ್ಲಿ ಪತ್ರಿಕೆಗಳಿಂದ ಹೊರಬಿತ್ತು. ಅಂದಿನ ಕಾಲದಲ್ಲಿ ‘ನಂಬಿಕಸ್ಥ ಮೂಲ’ಗಳ ಪಟ್ಟಿಯೊಂದನ್ನು ಬರೆದಿದ್ದರೆ ಸ್ವಿಟ್ಜರ್ಲೆಂಡಿನ ಹೆಸರು ಮೊದಲಲ್ಲೇ ಇರುತ್ತಿತ್ತು.

ಪಟ್ಟಿಯನ್ನು ಬಿಟ್ಟು ಪರೀಕ್ಷೆಯ ದಾರಿ ಹಿಡಿದವರು ಇಂಗ್ಲೆಂಡಿನವರು. ೨೦೧೦ರಲ್ಲಿ ಬ್ಯಾನ್‌ಬರಿ ಎಂಬ ಊರಿನಲ್ಲಿ ಹುವಾವೇಯ ಖರ್ಚಿನಲ್ಲೇ, ಆದರೆ ಬ್ರಿಟಿಷ್ ಸರಕಾರದ ಉಸ್ತುವಾರಿಯಲ್ಲಿ, ಒಂದು ಪರೀಕ್ಷಾಕೇಂದ್ರ ಆರಂಭವಾಯಿತು. ಕಂಪನಿಯ ತಂತ್ರಾಂಶದ ಮೂಲವನ್ನು ಅಲ್ಲಿ ಓದಿ ಪರೀಕ್ಷಿಸುತ್ತಿದ್ದರು. ಅದರ ಮೇಲ್ವಿಚಾರಣಾ ಮಂಡಲಿಯ ೨೦೧೯ರ ವರದಿ ಗಮನಾರ್ಹವಾದದ್ದು. ತಂತ್ರಾಂಶದ ಬರವಣಿಗೆಯಲ್ಲಿ ಗುರುತರವಾದ ದೋಷಗಳು ಕಂಡವು. ಅವು ಚೀನಾ ಸರಕಾರದ ಕೈವಾಡದಿಂದ ಆದವೆಂದು ಪರೀಕ್ಷಕರು ಭಾವಿಸಲಿಲ್ಲ, ಕೆಲಸದ ಅಶಿಸ್ತಿನಿಂದ ಆದವೆಂದರು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದು. ತಾವು ಓದಿದ ಮೂಲವೂ ಜಾಲದಲ್ಲಿ ನಿಜವಾಗಿ ಓಡುತ್ತಿರುವ ತಂತ್ರಾಂಶವೂ ಒಂದೇ ಎಂದು ದೃಢಪಡಿಸಿಕೊಳ್ಳುವುದೇ ಅವರಿಗೆ ದುಸ್ತರವಾಯಿತು.

ಸಾಹಿತ್ಯಪ್ರಿಯರಿಗೆ ಈ ತೊಡಕು ಬೇಗ ಅರ್ಥವಾದೀತು. ಮನುಷ್ಯ ಓದಬಲ್ಲ ಮಾತಿನಲ್ಲಿ ಬರೆದ ತಂತ್ರಾಂಶವನ್ನು ಯಂತ್ರದ ಮಾತಿಗೆ ತಿರುಗಿಸುವ ಒಬ್ಬ ಅನುವಾದಕನಿದ್ದಾನೆ. ಅವನೂ ಒಂದು ತಂತ್ರಾಂಶವೇ. ಅವನು ಕಪಟಿಯಾದರೆ, ಮೂಲದಲ್ಲಿ ಇಲ್ಲದ ಮಾತನ್ನು ಅನುವಾದದಲ್ಲಿ ಸೇರಿಸಿಬಿಡುತ್ತಾನೆ. ಮೂಲವನ್ನು ಎಷ್ಟು ಸಲ ಓದಿದರೂ ಮೋಸ ಸಿಕ್ಕುವುದಿಲ್ಲ. ಯೂನಿಕ್ಸ್ ಎಂಬ ಗಣಕವ್ಯವಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬನಾದ ಕೆನ್ ಥಾಂಪ್ಸನ್ ಈ ಸಂಗತಿಯನ್ನು ೧೯೮೪ರಲ್ಲಿ ಪ್ರಕಟವಾದ ತನ್ನ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಮಾಡಿ ತೋರಿಸಿದ್ದನು. ನಾವೇ ಪೂರ್ತಿ ಬರೆಯದ ತಂತ್ರಾಂಶವನ್ನು ಪೂರ್ತಿ ನಂಬಲಾಗದು ಎಂಬುದು ಅವನ ನಿರ್ಣಯದ ಸಾರ. ಇಂಗ್ಲೆಂಡು ಕೊನೆಗೆ, ಅಮೆರಿಕದ ಹೊಸ ನಿರ್ಬಂಧದಿಂದ ಹುವಾವೇಯ ಚಿಪ್ಪುಗಳ ಮೂಲವೇ ಬದಲಾಗಬೇಕಾಗಿ ಬಂದು ಪರೀಕ್ಷೆಯ ಭರವಸೆ ಉಳಿಯದೆ, ೨೦೨೦ರ ಜುಲೈನಲ್ಲಿ ಆ ಸಾಮಗ್ರಿಯನ್ನು ೨೦೨೭ರ ಕೊನೆಯೊಳಗೆ ತನ್ನ ೫ಜಿ ಜಾಲದಿಂದ ತೆಗೆಯಬೇಕೆಂದು ತೀರ್ಮಾನಿಸಿತು.

ಇದರಿಂದ ಪರೀಕ್ಷೆ ನಿಷ್ಫಲವೆಂದು ಹೇಳಬಹುದೆ? ನಾನು ಹಾಗೆ ತಿಳಿಯುವುದಿಲ್ಲ. ಬ್ಯಾನ್‌ಬರಿಯವರು ತಮ್ಮ ಅರಿವಿನ ಮೇರೆಯನ್ನು ಕಂಡುಕೊಂಡದ್ದೇ ಓದಿದ್ದರಿಂದ. ೨೦೨೪ರ ಮಾರ್ಚಿಯಲ್ಲಿ ಆದದ್ದನ್ನು ನೋಡಿರಿ. ಪ್ರಪಂಚದ ಅಸಂಖ್ಯಾತ ಗಣಕಗಳಲ್ಲಿ ಬಳಕೆಯಾಗುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಯಾರೋ ಹುಸಿಹೆಸರಿನವನು, ವರ್ಷಗಟ್ಟಲೆ ಸಜ್ಜನನಂತೆ ದುಡಿದು ವಿಶ್ವಾಸ ಗಳಿಸಿ, ಕಳ್ಳಬಾಗಿಲೊಂದನ್ನು ಇಟ್ಟಿದ್ದನು. ಯಾವ ಸರಕಾರದ ಪಟ್ಟಿಯೂ ಅದನ್ನು ಹಿಡಿಯಲಿಲ್ಲ. ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು, ತನ್ನ ಯಂತ್ರ ಒಳಗೆ ಬಿಡಲು ಅರ್ಧ ಸೆಕೆಂಡು ಹೆಚ್ಚಾಗಿ ತಡೆಯುತ್ತಿದೆಯಲ್ಲ ಎಂದು ಬೆನ್ನುಹತ್ತಿ ಹೋಗಿ ಅದನ್ನು ಬಯಲಿಗೆಳೆದನು. ಅದನ್ನು ಬಿಚ್ಚಿ ನೋಡುವ ಅವಕಾಶ ಎಲ್ಲರಿಗೂ ಇತ್ತು. ನೋಡಬಲ್ಲ ವಿದ್ಯೆ ಅವನಲ್ಲಿತ್ತು. ಇವೆರಡೂ ಕೂಡಿದಲ್ಲಿ ಮಾತ್ರ ನಂಬಿಕೆಗೆ ಆಧಾರ ಹುಟ್ಟುತ್ತದೆ.

ನಮ್ಮ ದೇಶದ ನಡೆ ಈ ಬೆಳಕಿನಲ್ಲಿ ಹೇಗೆ ಕಾಣುತ್ತದೆ? ೨೦೨೦ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟದ ರಕ್ಷಣಾ ಸಮಿತಿ ಒಪ್ಪಿದ ನಿರ್ದೇಶದಂತೆ, ೨೦೨೧ರ ಜೂನ್ ೧೫ರಿಂದ ದೂರಸಂಪರ್ಕದ ಕಂಪನಿಗಳು ‘ನಂಬಿಕಸ್ಥ ಮೂಲ’ಗಳಿಂದಲೇ ಹೊಸ ಸಾಮಗ್ರಿಯನ್ನು ಜೋಡಿಸಬೇಕಾಗಿದೆ. ಹಿಂದೆ ನೆಟ್ಟದ್ದನ್ನು ಕೀಳಬೇಕೆಂದು ಅದು ವಿಧಿಸಲಿಲ್ಲ. ಅಮೆರಿಕದ ಸಣ್ಣ ಸಂಸ್ಥೆಗಳು ಪಟ್ಟ ಪಾಡು ಇದರಿಂದ ತಪ್ಪಿತು. ಹಳೆಯ ಯಂತ್ರದ ಶಂಕೆ ಮಾತ್ರ ಅಲ್ಲೇ ಉಳಿಯಿತು. ಪಟ್ಟಿಯ ಜೊತೆಗೆ ಪರೀಕ್ಷೆಯ ಏರ್ಪಾಡೂ ಉಂಟು. ಯಾವ ಬಗೆಯ ಯಂತ್ರ ಯಾವ ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ಗೊತ್ತುಮಾಡುವ ರಾಷ್ಟ್ರೀಯ ಸಂಪರ್ಕ ಭದ್ರತಾ ಕೇಂದ್ರ ಬೆಂಗಳೂರಿನಲ್ಲಿಯೇ ಇದೆ. ಪಟ್ಟಿ ಮಾಡುವ ಕಚೇರಿಯ ಸುದ್ದಿ ಬಂದಷ್ಟು ಈ ಕೇಂದ್ರದ ಸುದ್ದಿ ನಮ್ಮ ಕಿವಿಗೆ ಬೀಳುವುದಿಲ್ಲ, ಬೀಳಬೇಕಾದದ್ದು ಇದೇ.

ಕನ್ನಡನಾಡಿಗೆ ಈ ವಿದ್ಯೆ ಹೊಸದೇನೂ ಅಲ್ಲ. ೧೯೪೮ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ ಹುಟ್ಟಿತು. ಅದರ ಸುತ್ತಣ ಬಡಾವಣೆಗೆ ದೂರವಾಣಿನಗರವೆಂದೇ ಹೆಸರಾಯಿತು. ಆದರೆ ಅಲ್ಲಿ ಬಹುಕಾಲ ಮಾಡಿದ್ದು ಪರರ ನಕ್ಷೆಯ ಯಂತ್ರಗಳನ್ನು. ೧೯೮೪ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆ ನಕ್ಷೆಯನ್ನೂ ನಾವೇ ಬರೆಯಬೇಕೆಂದು ಹೊರಟಿತು. ಹವಾನಿಯಂತ್ರಣವಿಲ್ಲದೆ ಹಳ್ಳಿಯ ಧೂಳು ಸೆಕೆಗಳಲ್ಲಿ ನಡೆಯಬಲ್ಲ ಅದರ ೧೨೮ ಕವಲುಗಳ ಗ್ರಾಮೀಣ ವಿನಿಮಯ ಕೇಂದ್ರ ೧೯೮೬ರಲ್ಲಿ ಕೆಲಸಕ್ಕೆ ತೊಡಗಿದ್ದು ನಮ್ಮ ಕಿತ್ತೂರಿನಲ್ಲಿ. ೨೦೨೫ರ ಸೆಪ್ಟೆಂಬರಿನಲ್ಲಿ ಬಿ.ಎಸ್.ಎನ್.ಎಲ್. ದೇಶಕ್ಕೆ ಅರ್ಪಿಸಿದ ೪ಜಿ ಜಾಲದ ಹೃದಯಭಾಗ ಸಿ-ಡಾಟಿನದು, ಗೋಪುರದ ರೇಡಿಯೋ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ಇದು ಹೆಮ್ಮೆಯ ವಿಷಯವೇ ಸರಿ. ಆದರೂ ಅದರೊಳಗಣ ಚಿಪ್ಪುಗಳು ಬಹುಮಟ್ಟಿಗೆ ಹೊರನಾಡಿನವೆಂಬುದನ್ನು ಮರೆಯಕೂಡದು. ಸ್ವದೇಶಿ ಎಂಬ ಮುದ್ರೆ ಬಿದ್ದ ಮಾತ್ರಕ್ಕೆ ಬಿರುಕು ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ. ನಾವೇ ಮಾಡಿದ್ದರಿಂದ ಬರುವ ದೊಡ್ಡ ಲಾಭವೆಂದರೆ, ಕೆಟ್ಟಾಗ ಬಿಚ್ಚಿ ನೋಡಲು ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ ಎಂಬುದು.

ಆದ್ದರಿಂದ ನನಗೆ ತೋರುವುದಿಷ್ಟು. ಶತ್ರುತ್ವ ಸ್ಪಷ್ಟವಾಗಿರುವಲ್ಲಿ ಪಟ್ಟಿ ಬೇಕು. ಅದು ಬೇಲಿಯ ಕೆಲಸ ಮಾಡುತ್ತದೆ. ಪಟ್ಟಿಯಿಂದ ನಷ್ಟಪಡುವ ಸಣ್ಣವರಿಗೆ ಆಜ್ಞೆಯ ಜೊತೆಗೇ ಹಣವೂ ತಲುಪಬೇಕು. ಭದ್ರತೆಯ ಹೆಸರಿನಲ್ಲಿ ಸರಕಾರ ತಾನೇ ಇಟ್ಟುಕೊಂಡಿರುವ ಬಾಗಿಲುಗಳಿಗೂ ಅದೇ ಕಟ್ಟುನಿಟ್ಟಿನ ಪರೀಕ್ಷೆ ನಡೆಯಬೇಕು. ಇವೆಲ್ಲಕ್ಕೂ ಬೇಕಾದ ಮೂಲಧನವೆಂದರೆ ಯಂತ್ರವನ್ನು ಓದಬಲ್ಲ ಜನ. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಿಂದ ವರ್ಷವರ್ಷವೂ ಸಾವಿರಾರು ತರುಣರು ಹೊರಬೀಳುತ್ತಾರೆ. ಹೊಸದನ್ನು ಬೇಗ ಕಟ್ಟುವುದನ್ನು ಅವರಿಗೆ ಕಲಿಸುತ್ತೇವೆ. ಇನ್ನೊಬ್ಬನು ಕಟ್ಟಿದ್ದನ್ನು ತಾಳ್ಮೆಯಿಂದ ಓದಿ, ಇಲ್ಲಿ ಅರ್ಧ ಸೆಕೆಂಡು ಏಕೆ ಹೆಚ್ಚಾಯಿತೆಂದು ಕೇಳುವ ಅಭ್ಯಾಸವನ್ನು ಕಲಿಸುತ್ತಿದ್ದೇವೆಯೆ? ಸಂದೇಹಪಟ್ಟು ಓದುವುದನ್ನು ಕಲಿಸುವುದು ಭಾಷೆಯ ಉಪಾಧ್ಯಾಯನಿಗೂ ವಿಜ್ಞಾನದ ಉಪಾಧ್ಯಾಯನಿಗೂ ಸಮಾನವಾಗಿ ಸೇರಿದ ಕೆಲಸ. ಆ ಕೆಲಸ ತರಗತಿಯಲ್ಲಿ ನಡೆಯದಿದ್ದರೆ, ಯಾವ ದೇಶದ ಪೆಟ್ಟಿಗೆಯನ್ನು ತಂದು ಕೂಡಿಸಿದರೂ ಅದರೊಳಗೆ ಏನಿದೆಯೆಂಬುದನ್ನು ನಾವು ಮಾರಿದವನ ಬಾಯಿಂದಲೇ ಕೇಳಿ ತಿಳಿಯಬೇಕಾದೀತು.